ಹಳೇ ಕಾರಿನ ರಿಯಾಲಿಟಿ ಶೋ: ನೋಡುವವರ ಸಿಟ್ಟು ನಿಜವಾಗಿ ಯಾವುದರ ಮೇಲೆ?

ಇವತ್ತು ಟೀವಿಯಲ್ಲಿ ಹಳೇ ಕಾರು ರಿಪೇರಿ ಮಾಡೋ ಕಾರ್ಯಕ್ರಮಗಳ ಬಗ್ಗೆ ಮಾತಾಡೋಣ. ಅಂದ್ರೆ ಕಾರಿನ ಬಗ್ಗೆ ಅಲ್ಲ, ಅದನ್ನ ನೋಡೋ ಜನ ಏನಂತಾರೆ, ಯಾಕೆ ಹಾಗಂತಾರೆ ಅನ್ನೋದರ ಬಗ್ಗೆ. ಕಾರಿನ ಹುಚ್ಚು ಇಲ್ಲದವರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ನಿಮಗೂ ಇದರಲ್ಲಿ ಏನೋ ಇದೆ.

ಮೊದಲು ನಮ್ಮ ಮನೇದೇ ಒಂದು ಮಾತು. ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ನಾವು ಮುಂಬೈನ ಉಪನಗರದಲ್ಲಿ ಇದ್ವಿ. ಎರಡು ತಿಂಗಳಿಗೊಮ್ಮೆ ಗಾಡಿ ಗ್ಯಾರೇಜಿಗೆ ಹೋಗೋದು, ಅಪ್ಪನ ಹಿಂದೆ ನಾನೂ ಹೋಗೋದು. ಗ್ಯಾರೇಜಿನ ಚಾಚಾ ಬಿಲ್ ಬರೆದು ಕೊಟ್ರೆ ಅಪ್ಪ ಸಾಮಾನಿನ ಬೆಲೆ ನೋಡಿ ಸುಮ್ಮನಿರೋರು. ಕೆಳಗೆ ‘ಮಜೂರಿ’ ಅಂತ ಬರೆದಿರೋ ಸಾಲಿಗೆ ಬಂದ ಕೂಡಲೇ ಚೌಕಾಸಿ ಶುರು. “ಎರಡು ಬೋಲ್ಟ್ ಬಿಗಿ ಮಾಡಿದ್ದಕ್ಕೆ ಇಷ್ಟಾ?” ಚಾಚಾ ನಗ್ತಾ ಹತ್ತೋ ಇಪ್ಪತ್ತೋ ಕಡಿಮೆ ಮಾಡೋರು. ಈ ಸಾಲನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರ್ತೀನಿ.

ಈಗ ಇಂಗ್ಲೆಂಡಿಗೆ ಹೋಗೋಣ. ‘ವೀಲರ್ ಡೀಲರ್ಸ್’ ಅನ್ನೋ ಕಾರ್ಯಕ್ರಮ ಅಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ 2003ರಲ್ಲಿ ಶುರುವಾಯ್ತು. ಇಬ್ಬರು ನಿರೂಪಕರು. ಒಬ್ಬರು ಮೈಕ್ ಬ್ರೂವರ್, ವ್ಯಾಪಾರಿ. ಹಳೇ ಕಾರು ಹುಡುಕೋದು, ಚೌಕಾಸಿ ಮಾಡಿ ಕೈಕುಲುಕಿ ಕೊಳ್ಳೋದು, ಕೊನೆಗೆ ಮಾರೋದು ಇವರ ಕೆಲಸ. ಇನ್ನೊಬ್ಬರು ಎಡ್ ಚೈನಾ, ಮೆಕ್ಯಾನಿಕ್. ಆರೂವರೆ ಅಡಿಗೂ ಎತ್ತರದ ಆಳು, ಕೈಗೆ ಕಿತ್ತಳೆ ಬಣ್ಣದ ಗ್ಲವ್ಸ್. ಈ ಮನುಷ್ಯ ಒಂದು ಸೋಫಾಕ್ಕೆ ಎಂಜಿನ್ ಕೂರಿಸಿ ಗಂಟೆಗೆ 87 ಮೈಲಿ, ಅಂದ್ರೆ ಸುಮಾರು 140 ಕಿ.ಮೀ. ವೇಗದಲ್ಲಿ ಓಡಿಸಿ ಗಿನ್ನೆಸ್ ದಾಖಲೆ ಮಾಡಿದವರು!

ಪ್ರತಿ ಕಂತಿನ ಅಚ್ಚು ಒಂದೇ. ಮೈಕ್ ಕಾರು ತರ್ತಾರೆ, ಎಡ್ ಬಿಚ್ಚಿ ಸರಿಮಾಡ್ತಾರೆ, ಮೈಕ್ ಮಾರ್ತಾರೆ, ಕೊನೆಗೆ ಲೆಕ್ಕ. ಆದರೆ ಜನ ಕಾದು ಕೂತು ನೋಡ್ತಿದ್ದದ್ದು ಮಧ್ಯದ ಭಾಗವನ್ನ. ಈ ಬೇರಿಂಗ್ ಯಾಕೆ ಸದ್ದು ಮಾಡುತ್ತೆ, ಅದನ್ನ ಹೇಗೆ ತೆಗೀಬೇಕು, ಯಾವ ಬೋಲ್ಟ್ ಮೊದಲು ಸಡಿಲ ಮಾಡಬೇಕು ಅಂತ ಎಡ್ ನಿಧಾನವಾಗಿ ಹೇಳೋರು. ಮೇಷ್ಟ್ರು ಪಾಠ ಮಾಡಿದ ಹಾಗೆ ಅಲ್ಲ, ಪಕ್ಕದ ಮನೆಯ ಅಣ್ಣ ತೋರಿಸಿಕೊಟ್ಟ ಹಾಗೆ. ಅದನ್ನ ನೋಡಿ ಧೈರ್ಯ ಬಂದು, ಜೀವನದಲ್ಲಿ ಮೊದಲ ಸಲ ಸ್ಪ್ಯಾನರ್ ಹಿಡಿದವರು ಎಷ್ಟೋ ಜನ.

ಹೀಗಿರುವಾಗ 2017ರ ಮಾರ್ಚ್‌ನಲ್ಲಿ ಎಡ್ ಚೈನಾ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಹಾಕಿ, ತಾನು ಕಾರ್ಯಕ್ರಮ ಬಿಡ್ತಿದ್ದೀನಿ ಅಂದ್ರು. ಅಷ್ಟೊತ್ತಿಗೆ ಕಾರ್ಯಕ್ರಮ ಅಮೆರಿಕದ ಕ್ಯಾಲಿಫೋರ್ನಿಯಾಗೆ ಹೋಗಿತ್ತು, ವೆಲಾಸಿಟಿ ಅನ್ನೋ ಅಲ್ಲಿನ ಚಾನೆಲ್ ಅದರ ನಿರ್ಮಾಣದ ಹೊಣೆ ವಹಿಸಿಕೊಂಡಿತ್ತು. ಎಡ್ ಕೊಟ್ಟ ಕಾರಣ ಏನು ಗೊತ್ತಾ? ಈಗಿರುವ ರೂಪದಲ್ಲಿ ಕಾರ್ಯಕ್ರಮ ಮಾಡೋದು ತುಂಬಾ ಕಷ್ಟ ಅಂತ ಚಾನೆಲ್‌ನವರಿಗೆ ಅನ್ನಿಸಿದೆ, ಗ್ಯಾರೇಜಿನ ವಿವರಗಳನ್ನ ಕಡಿಮೆ ಮಾಡಬೇಕು ಅಂತಿದ್ದಾರೆ, ಅದು ನನಗೆ ಒಪ್ಪಿಗೆ ಇಲ್ಲ ಅಂತ.

ಅಷ್ಟೇ, ಬೆಂಕಿ ಹತ್ಕೊಂಡಿತು. “ಸ್ಪ್ಯಾನರ್ ಕೆಲಸ ತೆಗೆದರೆ ಇದರಲ್ಲಿ ನೋಡೋಕೆ ಉಳಿಯೋದೇನು?” ಅಂತ ಜನ ಕೇಳಿದ್ರು. ಇಲ್ಲಿವರೆಗೂ ನ್ಯಾಯವಾದ ಮಾತೇ. ಆದರೆ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ, ಅಡ್ಡದಾರಿ ಹಿಡಿದು ಮೈಕ್ ಮೇಲೆ ತಿರುಗಿತು. ತನಗೂ ತನ್ನ ಕುಟುಂಬಕ್ಕೂ ಬೆದರಿಕೆಗಳು ಬಂದಿವೆ ಅಂತ ಅವರು ಬಹಿರಂಗವಾಗಿ ಹೇಳಬೇಕಾಯ್ತು. ಬಿಡೋ ನಿರ್ಧಾರ ತನ್ನದೇ ಅಂತ ಎಡ್ ಬಾಯಿಬಿಟ್ಟು ಹೇಳಿದ್ದರೂ ಜನಕ್ಕೆ ಒಬ್ಬ ಖಳನಾಯಕ ಬೇಕಾಗಿತ್ತು. ಪ್ರೀತಿಯಿಂದ ನೋಡ್ತಿದ್ದ ಕಾರ್ಯಕ್ರಮಕ್ಕೋಸ್ಕರ ಒಬ್ಬರ ಮನೆಯವರನ್ನ ಹೆದರಿಸೋದು, ಇದು ಯಾವ ಅಭಿಮಾನ ಹೇಳಿ?

ಈಗ ಒಂದು ಪ್ರಶ್ನೆ. ಗ್ಯಾರೇಜಿನ ಕೆಲಸವನ್ನ ಚಿತ್ರೀಕರಿಸೋದು ಅಷ್ಟು ಕಷ್ಟವಾ? ಹೌದು, ಕಷ್ಟವೇ. ತುಕ್ಕು ಹಿಡಿದ ಒಂದು ಬೋಲ್ಟ್ ತಗೊಳ್ಳಿ. ಎಣ್ಣೆ ಬಿಟ್ಟು ಕಾಯಬೇಕು, ಬಿಸಿ ಮಾಡಬೇಕು, ಅದೃಷ್ಟ ಕೆಟ್ಟರೆ ತಲೆ ಮುರಿಯುತ್ತೆ, ಆಮೇಲೆ ಡ್ರಿಲ್ ಹಾಕಿ ತೆಗೀಬೇಕು. ಇಡೀ ಮಧ್ಯಾಹ್ನ ಹೋಯ್ತು. ಟೀವಿಯಲ್ಲಿ ಅದಕ್ಕೆ ಸಿಗೋದು ಹತ್ತು ಸೆಕೆಂಡು. ಜೊತೆಗೆ ಕಾರಿನ ಅಡಿಯಲ್ಲಿ ಬೆಳಕಿಲ್ಲ, ಕ್ಯಾಮೆರಾ ತೂರಿಸೋಕೆ ಜಾಗ ಇಲ್ಲ. ಮೆಕ್ಯಾನಿಕ್ ಮಾಡ್ತಾ ಮಾಡ್ತಾ ನಿಲ್ಲಿಸಿ ಇನ್ನೊಂದು ಕೋನದಿಂದ ಮತ್ತೆ ತೋರಿಸಬೇಕು. ಕಾರು ಕೊಳ್ಳೋದು, ಮಾರೋದು ಹಾಗಲ್ಲ. ಇಬ್ಬರು ನಿಂತು ಮಾತಾಡಿದ್ರೆ ದೃಶ್ಯ ಮುಗೀತು. ಕಡಿಮೆ ದಿನ, ಕಡಿಮೆ ಖರ್ಚು. ಚಾನೆಲ್‌ನ ಲೆಕ್ಕ ಪುಸ್ತಕದಿಂದ ನೋಡಿದ್ರೆ ಅವರ ಆಸೆ ಅರ್ಥ ಆಗದ್ದೇನಲ್ಲ.

ಆದರೆ ನೋಡುವವರ ಹತ್ತಿರ ಇನ್ನೊಂದು ಲೆಕ್ಕ ಪುಸ್ತಕ ಇದೆ. ವೀಲರ್ ಡೀಲರ್ಸ್ ಬಗ್ಗೆ ಎಡ್ ಇದ್ದ ಕಾಲದಿಂದಲೂ ಇರುವ ಹಳೇ ದೂರು ಇದೇ: ಕೊನೆಗೆ ತೋರಿಸೋ ಲಾಭದಲ್ಲಿ ಮೆಕ್ಯಾನಿಕ್‌ನ ದುಡಿಮೆಯ ಗಂಟೆಗಳಿಗೆ ಬೆಲೆ ಕಟ್ಟೋದಿಲ್ಲ. ಕೊಂಡ ಬೆಲೆ, ಬಿಡಿಭಾಗಗಳ ಖರ್ಚು, ಮಾರಿದ ಬೆಲೆ, ಅಷ್ಟೇ. ಉದಾಹರಣೆಗೆ ನಾವೇ ಒಂದು ಲೆಕ್ಕ ಹಾಕೋಣ. 3,000 ಪೌಂಡಿಗೆ ಕಾರು ತಗೊಂಡ್ರಿ, 1,500 ಪೌಂಡ್ ಸಾಮಾನಿಗೆ ಹೋಯ್ತು, 5,500ಕ್ಕೆ ಮಾರಿದ್ರಿ. ಸಾವಿರ ಪೌಂಡ್ ಲಾಭ, ಚಪ್ಪಾಳೆ! ಈಗ ಗ್ಯಾರೇಜಿನಲ್ಲಿ 60 ಗಂಟೆ ಕೆಲಸ ಆಗಿದೆ, ಗಂಟೆಗೆ 50 ಪೌಂಡ್ ಅಂತ ಇಟ್ಕೊಳ್ಳಿ. ಅದೇ 3,000 ಪೌಂಡ್ ಆಯ್ತು. ಲಾಭ ಎಲ್ಲಿ ಬಂತು? ಎರಡು ಸಾವಿರ ಕೈಯಿಂದಲೇ ಹೋಯ್ತು.

ಇದು ಹವ್ಯಾಸಿಗಳ ಕಾರ್ಯಕ್ರಮ, ಮನೆಯಲ್ಲಿ ತಾನೇ ಮಾಡಿಕೊಳ್ಳುವವನು ತನಗೆ ತಾನೇ ಕೂಲಿ ಕೊಟ್ಟುಕೊಳ್ತಾನಾ ಅಂತ ಒಂದಷ್ಟು ಜನ ವಾದಿಸ್ತಾರೆ. ಒಪ್ಪಬಹುದಾದ ಮಾತು. ಆದರೆ ಇದನ್ನೇ ನಂಬಿ ಹಳೇ ಕಾರು ತಗೊಂಡು, ಹೊರಗಿನ ಗ್ಯಾರೇಜಿಗೆ ಕೊಟ್ಟವರ ಗತಿ ಏನು? ತುಕ್ಕು ಹಿಡಿದ ಬಾಡಿಯನ್ನ ಪೂರ್ತಿ ಸರಿ ಮಾಡೋದು ಅಂದ್ರೆ ಕೊಳೆತ ತಗಡು ಕತ್ತರಿಸಬೇಕು, ಹೊಸ ತಗಡು ಅದೇ ಆಕಾರಕ್ಕೆ ಬಡೀಬೇಕು. ಒಂದೇ ಕಡೆ ಬೆಸುಗೆ ಹಾಕಿದ್ರೆ ಬಿಸಿಗೆ ಸೊಟ್ಟಗಾಗುತ್ತೆ, ಅದಕ್ಕೇ ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕ್ತಾ, ಆರಿಸ್ತಾ ಹೋಗಬೇಕು. ಆಮೇಲೆ ಪಟ್ಟಿ, ಪ್ರೈಮರ್, ಎಮರಿ ಪೇಪರ್ ಹಿಡಿದು ಉಜ್ಜೋದು, ಮತ್ತೆ ಪ್ರೈಮರ್, ಮತ್ತೆ ಉಜ್ಜೋದು. ಪೂರ್ತಿ ಕಾರು ಬಿಚ್ಚಿ ಮಾಡಿದ್ರೆ ಸಾವಿರ ಗಂಟೆ ದಾಟೋದು ಅಪರೂಪ ಅಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಸಾಮಾನಿನದಲ್ಲ, ಕೈಯದು.

ಎರಡನೇ ದೂರು ಸಮಯದ ಬಗ್ಗೆ. 2004ರಲ್ಲಿ ಶುರುವಾದ ಅಮೆರಿಕದ ‘ಓವರ್‌ಹಾಲಿನ್’ ನೆನಪಿದೆಯಾ? ಚಿಪ್ ಫೂಸ್ ಅನ್ನೋ ಹೆಸರಾಂತ ಕಾರು ವಿನ್ಯಾಸಕಾರರ ಕಾರ್ಯಕ್ರಮ. ಮಾಲೀಕನಿಗೆ ಗೊತ್ತಾಗದ ಹಾಗೆ ಕಾರು ಎತ್ಕೊಂಡು ಹೋಗಿ, ಒಂದೇ ವಾರದಲ್ಲಿ ಹೊಸದು ಮಾಡಿ ಮುಂದೆ ನಿಲ್ಲಿಸೋರು. ಹಗಲು ರಾತ್ರಿ ಒಂದು ದೊಡ್ಡ ತಂಡ ದುಡಿದಾಗ ಆಗುವ ಕೆಲಸ ಅದು. ಚಿಪ್ ಫೂಸ್ ಕೈಚಳಕದ ಬಗ್ಗೆ ಯಾರದೂ ತಕರಾರಿಲ್ಲ. “ಆದರೆ ಈ ಅವಸರ ಯಾಕೆ? ಗಡಿಯಾರ ತೋರಿಸಿ ನಮ್ಮ ಎದೆಬಡಿತ ಹೆಚ್ಚಿಸೋದಕ್ಕಾ?” ಅಂತ ಕೇಳುವವರಿದ್ದಾರೆ.

ಅದೇ ವರ್ಷ ಎಂಟೀವಿಯಲ್ಲಿ ‘ಪಿಂಪ್ ಮೈ ರೈಡ್’ ಬಂತು. ರ‍್ಯಾಪ್ ಗಾಯಕ ಎಕ್ಸಿಬಿಟ್ ನಿರೂಪಕ. ಹಳೇ ಡಬ್ಬಾ ಕಾರಿಗೆ ಟೀವಿ, ಸ್ಪೀಕರು, ಇಲ್ಲದ ಸಲ್ಲದ್ದೆಲ್ಲ ಜೋಡಿಸೋರು. 2015ರಲ್ಲಿ ಹಫಿಂಗ್ಟನ್ ಪೋಸ್ಟ್ ಅದರಲ್ಲಿ ಭಾಗವಹಿಸಿದ್ದ ಕೆಲವರನ್ನ ಮಾತಾಡಿಸಿತು. ಕೆಲವು ವಸ್ತುಗಳನ್ನ ಚಿತ್ರೀಕರಣ ಆದ ಮೇಲೆ ತೆಗೆದುಬಿಟ್ಟರು, ಕಾರು ವಾಪಸ್ ಬರೋಕೆ ತಿಂಗಳುಗಟ್ಟಲೆ ಹಿಡೀತು ಅಂತ ಅವರು ಹೇಳಿದ್ರು. ಅದನ್ನ ಓದಿದ ಹಳೇ ಅಭಿಮಾನಿಗಳಲ್ಲಿ ಕೆಲವರು ನಕ್ಕರು, ಕೆಲವರಿಗೆ ಮೋಸ ಹೋದ ಭಾವನೆ. ಹದಿಹರೆಯದಲ್ಲಿ ಬಾಯಿ ಬಿಟ್ಕೊಂಡು ನೋಡಿದ್ದನ್ನ ಮತ್ತೆ ಅದೇ ಕಣ್ಣಲ್ಲಿ ನೋಡೋಕಾಗಲ್ಲ, ಅಲ್ವಾ?

ಹಾಗಾದ್ರೆ ಜನಕ್ಕೆ ನಾಟಕ ಅಂದ್ರೇ ಆಗಲ್ವಾ? ಹಾಗೂ ಹೇಳೋಕಾಗಲ್ಲ. ನ್ಯಾಷನಲ್ ಜಿಯಾಗ್ರಫಿಕ್‌ನ ‘ಕಾರ್ ಎಸ್‌ಒಎಸ್’ 2013ರಿಂದ ಬರ್ತಿದೆ. ಟಿಮ್ ಶಾ ಮತ್ತು ಫಝ್ ಟೌನ್‌ಶೆಂಡ್ ಅನ್ನೋ ಇಬ್ಬರು. ಫಝ್ ಮೊದಲು ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸ್ತಿದ್ದವರು! ಕಾಯಿಲೆಯಿಂದಲೋ ಕಷ್ಟದಿಂದಲೋ ಕಾರು ರಿಪೇರಿ ಅರ್ಧಕ್ಕೆ ನಿಲ್ಲಿಸಿದವರ ಮನೆಯವರು ಇವರಿಗೆ ಗುಟ್ಟಾಗಿ ತಿಳಿಸ್ತಾರೆ. ಇವರು ಕಾರು ತಗೊಂಡು ಹೋಗಿ ಸರಿಮಾಡಿ, ಒಂದು ದಿನ ಎದುರಿಗೆ ತಂದು ನಿಲ್ಲಿಸ್ತಾರೆ. ಇಲ್ಲೂ ನಾಟಕ ಇದೆ, ಇಲ್ಲೂ ಕಣ್ಣೀರಿದೆ. ಕಣ್ಣೀರು ಜಾಸ್ತಿಯಾಯ್ತು ಅನ್ನುವವರೂ ಇದ್ದಾರೆ. ಆದರೂ ಈ ಕಾರ್ಯಕ್ರಮವನ್ನ ಜನ ಕ್ಷಮಿಸ್ತಾರೆ, ಯಾಕೆ? ನನಗನ್ನಿಸೋದು ಇಷ್ಟು: ಇಲ್ಲಿ ತುಕ್ಕನ್ನ ತುಕ್ಕು ಅಂತಲೇ ತೋರಿಸ್ತಾರೆ. ತಗಡು ಕತ್ತರಿಸೋದು ಕಾಣುತ್ತೆ. ಆ ಕೈಕೆಲಸ ಕಂಡಿದ್ದರಿಂದಲೇ ಕೊನೆಯ ಕಣ್ಣೀರಿಗೆ ಬೆಲೆ ಬರುತ್ತೆ.

ವೀಲರ್ ಡೀಲರ್ಸ್‌ನ ಮುಂದಿನ ಕಥೆಯೂ ಇದನ್ನೇ ಹೇಳುತ್ತೆ. ಎಡ್ ಜಾಗಕ್ಕೆ ಆಂಟ್ ಆನ್‌ಸ್ಟೆಡ್ ಬಂದ್ರು. ಮೊದಲು ಪೊಲೀಸ್ ಆಗಿದ್ದವರು, ಆಮೇಲೆ ಕಾರು ಕಟ್ಟುವ ಕೆಲಸಕ್ಕೆ ಇಳಿದವರು. ಶುರುವಿನಲ್ಲಿ ಅವರನ್ನ ನೋಡೋದೇ ಇಲ್ಲ ಅಂತ ಹಟ ಹಿಡಿದವರಲ್ಲಿ ಕೆಲವರು, ಅವರ ಕೈಕೆಲಸ ನೋಡ್ತಾ ನೋಡ್ತಾ ಮೆತ್ತಗಾದ್ರು. ಇನ್ನು ಕೆಲವರು ಕೊನೆವರೆಗೂ ಒಪ್ಪಲಿಲ್ಲ. ಆಮೇಲೆ ಕಾರ್ಯಕ್ರಮ ಮತ್ತೆ ಇಂಗ್ಲೆಂಡಿಗೆ ವಾಪಸ್ ಬಂತು. ಫಾರ್ಮುಲಾ ಒನ್‌ನ ಮೆಕ್‌ಲಾರೆನ್ ತಂಡದಲ್ಲಿ ಮೆಕ್ಯಾನಿಕ್ ಆಗಿದ್ದ ಮಾರ್ಕ್ ಪ್ರೀಸ್ಟ್ಲಿ ಸ್ಪ್ಯಾನರ್ ಹಿಡಿದ್ರು. ಎಡ್ ಚೈನಾ ತಮ್ಮದೇ ಯೂಟ್ಯೂಬ್ ಚಾನೆಲ್‌ನಲ್ಲಿ ಗ್ಯಾರೇಜಿನ ಕೆಲಸ ತೋರಿಸ್ತಾ ಹೋದ್ರು. ಅಲ್ಲಿ ಹತ್ತು ಸೆಕೆಂಡಿನ ಕಟ್ಟುಪಾಡಿಲ್ಲ ನೋಡಿ. ಒಂದು ಬೋಲ್ಟಿಗೆ ಹದಿನೈದು ನಿಮಿಷ ಬೇಕಾದ್ರೆ ಹದಿನೈದು ನಿಮಿಷ!

ನಿಜ, ಎಲ್ಲರಿಗೂ ಸ್ಪ್ಯಾನರ್ ಬೇಕಾಗಿಲ್ಲ. ಊಟ ಮಾಡ್ತಾ ಒಂದು ಚಂದದ ಕಾರು ನೋಡಿ, ಯಾವುದಕ್ಕೆ ಎಷ್ಟು ಬೆಲೆ ತಿಳ್ಕೊಂಡು, ಮಲಗಬೇಕು ಅನ್ನುವವರಿಗೂ ಟೀವಿ ಮೇಲೆ ಹಕ್ಕಿದೆ. ಅವರನ್ನ ನಾನು ದೂರೋದಿಲ್ಲ. ಆದರೆ ಇಷ್ಟೆಲ್ಲ ಅಭಿಪ್ರಾಯ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡಿದ್ದು ಒಂದೇ. ಜನ ಸಿಟ್ಟಾಗಿದ್ದು ಕಾರು ಕೆಟ್ಟದಾಗಿ ಬಂತು ಅಂತಲ್ಲ. ಕೆಲಸ ಮಾಡಿದ ಕೈಯನ್ನ ಮರೆಮಾಡಿದಾಗ, ಆ ಕೈಗೆ ಹಿಡಿದ ಸಮಯವನ್ನ ಸುಳ್ಳು ಹೇಳಿದಾಗ, ಆ ಕೈಯ ಕೂಲಿಯನ್ನ ಲೆಕ್ಕದಿಂದ ಬಿಟ್ಟಾಗ ಸಿಟ್ಟಾದ್ರು. ಮೂರು ದೂರು ಬೇರೆ ಬೇರೆ ಅಲ್ಲ, ಒಂದೇ ದೂರಿನ ಮೂರು ಮುಖ.

ಈಗ ನಮ್ಮ ಊರಿಗೆ ಬರೋಣ. ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದಿಲ್ಲಿಯ ಮಾಯಾಪುರಿ, ಹಳೇ ಗಾಡಿಯ ಸಾಮಾನು ಹುಡುಕಿದವರಿಗೆ ಈ ಹೆಸರು ಹೊಸದಲ್ಲ. ಸಿಗದ ಒಂದು ಬಿಡಿಭಾಗಕ್ಕೆ ಅಂಗಡಿಯವನು ಕೇಳಿದಷ್ಟು ಕೊಟ್ಟು ಬರ್ತೀವಿ. ಅದನ್ನ ಕೂರಿಸಿದವನು ಕೂಲಿ ಕೇಳಿದಾಗ ಮಾತ್ರ ನಮ್ಮ ಬಾಯಿ ತೆರೆಯುತ್ತೆ. ಇಂಗ್ಲೆಂಡಿನ ಟೀವಿ ಮೆಕ್ಯಾನಿಕ್‌ನ ಗಂಟೆಗಳನ್ನ ಲೆಕ್ಕಕ್ಕೆ ಹಿಡೀಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ನಾವೇ, ನಮ್ಮ ಬೀದಿಯ ಮೆಕ್ಯಾನಿಕ್‌ಗೆ ಮಾಡೋದೂ ಅದನ್ನೇ ಅಲ್ವಾ?

ನಮ್ಮ ಅಪ್ಪ ಕೆಟ್ಟವರಲ್ಲ, ಸಂಬಳದ ಮನುಷ್ಯ, ತಿಂಗಳ ಕೊನೆ ಲೆಕ್ಕ ಹಾಕೋರು. ಆ ಪದ್ಮಿನಿ ಮಾರೋ ದಿನ, ತಗೊಳ್ಳೋಕೆ ಬಂದವನು ಎಂಜಿನ್ ಸದ್ದು ಕೇಳಿ, “ಗಾಡಿ ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ ಸಾಹೇಬ್ರೆ” ಅಂದ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, “ನಾನಲ್ಲ, ಚಾಚಾ ಇಟ್ಟಿದ್ದು” ಅಂದ್ರು. ಆ ಮಾತನ್ನ ಚಾಚಾ ಎದುರಿಗೆ ಹೇಳಿದ್ರಾ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮುಂದಿನ ಸಲ ನಿಮ್ಮ ಗಾಡಿ ಗ್ಯಾರೇಜಿಗೆ ಹೋದಾಗ ಒಂದು ಹತ್ತು ನಿಮಿಷ ನಿಂತು ಕೆಲಸ ನೋಡಿ. ಬಿಲ್ಲಿನ ಆ ಕೊನೆಯ ಸಾಲಿಗೆ ಬಂದಾಗ ನಿಮಗೇ ಅರ್ಥ ಆಗುತ್ತೆ.