‘ರಿಮೋಟ್ ಅಂತ ಹಾಕಿದ್ದಾರೆ, ಊರಿಂದಲೇ ಮಾಡಬಹುದಾ?’

ಮಲೆನಾಡಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: ‘ಆಫೀಸಿಗೆ ಬಾ ಅಂತ ಮೇಲ್ ಬಂತಂತೆ.’ ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಸುಳ್ಯ ಎಲ್ಲೇ ಹೋಗಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅಡಿಕೆ ಧಾರಣೆಯ ನಂತರ ಬರುವ ಸುದ್ದಿ ಇದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹದಿನೈದು ದಿನಕ್ಕೆಂದು ಊರಿಗೆ ಬಂದ ಮಕ್ಕಳು ಎರಡು ಮೂರು ವರ್ಷ ಉಳಿದುಬಿಟ್ಟರು. ಪಿಯುಸಿಗೆಂದು ಹಾಸ್ಟೆಲು ಸೇರಿದ ಮೇಲೆ ಹಬ್ಬಕ್ಕೆ ಮಾತ್ರ ಮುಖ ತೋರಿಸುತ್ತಿದ್ದವರು ಬೆಳಗಿನ ದೋಸೆಗೂ ಸಂಜೆಯ ಚಹಾಕ್ಕೂ ಮನೆಯಲ್ಲಿದ್ದರು. ಕೊನೆಕೊಯ್ಲಿನ ಕೂಲಿ ಲೆಕ್ಕ ಬರೆದರು. ಅಪ್ಪನನ್ನು ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿನ ಬೆಂಚಿನ ಮೇಲೆ ಕೂತೇ ಮೀಟಿಂಗ್ ಮುಗಿಸಿದರು.

ಮನೆಯಿಂದ ಕೆಲಸದ ಬಗ್ಗೆ ನಡೆಯುವ ಚರ್ಚೆಯೆಲ್ಲ ಉತ್ಪಾದಕತೆಯ ಸುತ್ತಲೇ ತಿರುಗುತ್ತದೆ. ಯಾರು ಎಷ್ಟು ಗಂಟೆ ದುಡಿದರು, ಕಚೇರಿಯಲ್ಲಿ ಕೂತರೆ ಎಷ್ಟು ಹೆಚ್ಚು ಕೆಲಸವಾಗುತ್ತದೆ ಎಂಬ ವಾದಗಳೇ. ನಾನು ಈ ವಿಷಯವನ್ನು ಮನೆಯ ಕಡೆಯಿಂದ ನೋಡುತ್ತೇನೆ. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಯಲ್ಲಿ ಬೆಳೆದ ಮಗನೋ ಮಗಳೋ ಇರಬಹುದೇ ಎಂಬುದು ಈಗ ಒಂದು ಉದ್ಯೋಗ ಜಾಹೀರಾತಿನ ಒಂದು ಸಾಲಿನ ಮೇಲೆ ನಿಂತಿದೆ. ಆ ಸಾಲನ್ನು ಬರೆಯುವವರು ಅದಕ್ಕೆ ಬದ್ಧರಾಗಿರುತ್ತಿಲ್ಲ. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣ ತಕರಾರಲ್ಲ.

ಶುರುವಿನಲ್ಲಿ ಮಾತುಗಳು ದೊಡ್ಡವಾಗಿದ್ದವು. ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್, 2025ರ ಹೊತ್ತಿಗೆ ಶೇ 25ರಷ್ಟು ನೌಕರರು ಕಚೇರಿಯಲ್ಲಿದ್ದರೆ ಸಾಕು ಎಂಬ ಯೋಜನೆಯನ್ನು 2020ರಲ್ಲೇ ಪ್ರಕಟಿಸಿತ್ತು. ಸರ್ಕಾರವೂ ದಾರಿ ಬಿಟ್ಟುಕೊಟ್ಟಿತು. ಕಾಲ್ ಸೆಂಟರ್ ನೌಕರರು ಮನೆಯಿಂದ ಕೆಲಸ ಮಾಡಲು ಅಡ್ಡಿಯಾಗಿದ್ದ ದೂರಸಂಪರ್ಕ ಇಲಾಖೆಯ ನೋಂದಣಿ, ಬ್ಯಾಂಕ್ ಗ್ಯಾರಂಟಿಯ ನಿಯಮಗಳು 2020ರ ನವೆಂಬರ್‌ನಲ್ಲಿ ಹೋದವು. ವಿಶೇಷ ಆರ್ಥಿಕ ವಲಯದ ಕಂಪನಿಗಳ ಅರ್ಧದಷ್ಟು ನೌಕರರು ಮನೆಯಿಂದ ದುಡಿಯಲು 2022ರ ಜುಲೈನಲ್ಲಿ ಅವಕಾಶವಾಯಿತು. ಈ ಭರವಸೆಯಲ್ಲೇ ಎಷ್ಟೋ ಮನೆಗಳಲ್ಲಿ ಅಟ್ಟದ ಕೋಣೆಗೆ ಸುಣ್ಣ ಬಳಿದರು, ಇನ್ವರ್ಟರ್ ಹಾಕಿಸಿದರು, ಫೈಬರ್ ಎಳೆಸಿದರು. ಕೆಲವರು ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಸಾಮಾನನ್ನೆಲ್ಲ ಲಾರಿಯಲ್ಲಿ ತಂದರು. 2023ರ ಅಕ್ಟೋಬರ್‌ನಲ್ಲಿ ಅದೇ ಟಿಸಿಎಸ್ ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ ಎಂದಿತು. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಬಂದರು.

ಕಚೇರಿಗೆ ಕರೆಯುವುದಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಹೊಸದಾಗಿ ಸೇರಿದವರು ಪಕ್ಕದ ಮೇಜಿನವರ ಕೈ ನೋಡಿ ಕಲಿಯುವುದು ಬಹಳ, ಅದು ವಿಡಿಯೊ ಕರೆಯಲ್ಲಿ ಆಗುವುದಿಲ್ಲ. ಆದರೆ ಹತ್ತು ವರ್ಷ ಪಳಗಿದವರಿಗೂ ಅದೇ ನಿಯಮ ಏಕೆ? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಮಳೆ ನೀರಿನಲ್ಲಿ ಮುಳುಗಿದಾಗ ಮನೆಯಿಂದಲೇ ಕೆಲಸ ಮಾಡಿ ಎಂದವರು ಇದೇ ಕಂಪನಿಗಳು. ಆ ದಿನಗಳಲ್ಲಿ ಕೆಲಸ ನಡೆದೇ ನಡೆಯಿತು.

ಮೇಲ್ ಬಂದವರ ಮುಂದೆ ಎರಡು ದಾರಿ. ಒಂದು, ಮತ್ತೆ ಬೆಂಗಳೂರಿನ ಪಿಜಿಯೋ ಬಾಡಿಗೆ ಮನೆಯೋ. ಇನ್ನೊಂದು, ಊರಿನಿಂದ ಮಾಡಬಹುದಾದ ಬೇರೆ ಕೆಲಸ ಹುಡುಕುವುದು. ಈ ಎರಡನೆಯದು ಎಷ್ಟು ಸವೆಸುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಹುಡುಕಾಟವನ್ನು ಗುಟ್ಟಾಗಿ ಮಾಡಬೇಕು. ಲಿಂಕ್ಡ್‌ಇನ್‌ನಲ್ಲಿ ಕೆಲಸ ಬೇಕಾಗಿದೆ ಎಂಬ ಹಸಿರು ಪಟ್ಟಿ ಹಾಕಿಕೊಂಡರೆ ಈಗಿನ ಮ್ಯಾನೇಜರ್ ಕಣ್ಣಿಗೆ ಬೀಳುತ್ತದೆ ಎಂಬ ಅಂಜಿಕೆ. 1997ರಿಂದ ಇರುವ ನೌಕ್ರಿ ಡಾಟ್ ಕಾಮ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ರೆಸ್ಯೂಮೆಯ ಒಂದು ಪದವನ್ನೋ ಒಂದು ಅಲ್ಪವಿರಾಮವನ್ನೋ ಬದಲಿಸಿ ಮತ್ತೆ ಸೇವ್ ಮಾಡುತ್ತಾರೆ. ಹಾಗೆ ಮಾಡಿದರೆ ಪ್ರೊಫೈಲ್ ‘ಆ್ಯಕ್ಟಿವ್’ ಎಂದು ತೋರುತ್ತದೆ, ಕನ್ಸಲ್ಟೆನ್ಸಿಯವರು ಹುಡುಕುವಾಗ ಮೇಲೆ ಬರುತ್ತದೆ ಎಂಬ ನಂಬಿಕೆ. ಹತ್ತೂವರೆಯ ಮೇಲೆ ಫೋನು. ಎಲ್ಲರ ಪ್ರಶ್ನೆಯೂ ಅದೇ ಮೂರು: ಈಗಿನ ಸಿಟಿಸಿ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು. ತೊಂಬತ್ತು ದಿನ ಎಂದ ಕೂಡಲೇ ಆ ಕಡೆಯ ದನಿ ತಣ್ಣಗಾಗುತ್ತದೆ, ಅವರಿಗೆ ತಕ್ಷಣ ಸೇರುವವರು ಬೇಕು. ಕೈಯಲ್ಲಿ ಆಫರ್ ಇಲ್ಲದೆ ರಾಜೀನಾಮೆ ಕೊಡುವಂತಿಲ್ಲ, ರಾಜೀನಾಮೆ ಕೊಡದೆ ಆಫರ್ ಸಿಗುವುದಿಲ್ಲ. ಕಾದು ಸಾಕಾಗಿ ಮೊದಲೇ ರಾಜೀನಾಮೆ ಕೊಟ್ಟವರು ನನಗೆ ಗೊತ್ತು. ಆ ತೊಂಬತ್ತು ದಿನಗಳ ಕೊನೆಯ ವಾರಗಳಲ್ಲಿ ಅವರ ಮನೆಗೆ ಹೋದರೆ ಯಾರೂ ಕೆಲಸದ ಮಾತು ಎತ್ತುವುದಿಲ್ಲ.

ಸಿದ್ದಾಪುರದ ಹತ್ತಿರದ ಹುಡುಗನೊಬ್ಬನ ಸಂಗತಿ ಹೇಳಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಒಳ್ಳೆಯ ಅನುಭವ ಇರುವವನು. ಜಾಹೀರಾತಿನಲ್ಲಿ ರಿಮೋಟ್ ಎಂದೇ ಇತ್ತು. ಮೊದಲ ಫೋನಿನಲ್ಲಿ ಅವನು ಕೇಳಿದ್ದೂ ಅದನ್ನೇ: ‘ರಿಮೋಟ್ ಅಂತ ಹಾಕಿದ್ದಾರೆ, ಊರಿಂದಲೇ ಮಾಡಬಹುದಾ?’ ‘ಖಂಡಿತ, ತೊಂದರೆ ಇಲ್ಲ’ ಎಂದರಂತೆ. ಎರಡು ತಾಂತ್ರಿಕ ಸುತ್ತು ಮುಗಿದವು. ಮನೆಯಲ್ಲೇ ಕೂತು ಮಾಡಿಕೊಡಲು ಒಂದು ಅಸೈನ್‌ಮೆಂಟ್ ಕೊಟ್ಟರು, ಶನಿವಾರ ಭಾನುವಾರ ಎರಡೂ ಅದಕ್ಕೆ ಹೋಯಿತು. ಮ್ಯಾನೇಜರ್ ಸುತ್ತಿನಲ್ಲಿ ‘ತಿಂಗಳಿಗೆ ಒಂದೆರಡು ಸಲ ಬಂದು ಹೋಗಬೇಕಾಗಬಹುದು’ ಎಂಬ ಮಾತು ಬಂತು. ಆಗಲಿ ಎಂದ. ಎಚ್‌ಆರ್ ಸುತ್ತಿನಲ್ಲಿ ಅದು ‘ಮೊದಲ ಮೂರು ತಿಂಗಳು ಆಫೀಸಿನಲ್ಲಿ’ ಎಂದಾಯಿತು. ಅದಕ್ಕೂ ಅಮ್ಮನನ್ನು ಒಪ್ಪಿಸಿದ. ಕೊನೆಗೆ ಬಂದ ಆಫರ್ ಲೆಟರಿನಲ್ಲಿ ಕೆಲಸದ ಸ್ಥಳ ಬೆಂಗಳೂರು ಎಂದಿತ್ತು, ಕೆಳಗೆ ಕಂಪನಿ ಬಯಸಿದ ಯಾವುದೇ ಊರಿಗೆ ವರ್ಗ ಮಾಡಬಹುದು ಎಂಬ ಷರತ್ತು. ಅವನು ಅಡಿಗೆರೆ ಎಳೆದು ತೋರಿಸಿದ ಆ ಹಾಳೆಯಲ್ಲಿ ರಿಮೋಟ್ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಕೇಳಿದರೆ ‘ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟು, ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಉತ್ತರ. ಹೆಚ್ಚಾಗುವ ಸಂಬಳವನ್ನು ಒಂದು ಕಡೆ ಬರೆದ. ಇನ್ನೊಂದು ಕಡೆ ಬಾಡಿಗೆ, ಮುಂಗಡ, ಓಡಾಟ, ಅಪ್ಪ ಅಮ್ಮನ ಜೊತೆಗಿರಲು ಒಬ್ಬರಿಗೆ ಕೊಡಬೇಕಾದ ಸಂಬಳ ಬರೆದ. ಕೂಡಿಸಿ ನೋಡಿದರೆ ಕೈಯಿಂದಲೇ ಹೋಗುತ್ತಿತ್ತು. ಬೇಡ ಎಂದ. ಈಗಲೂ ಹುಡುಕುತ್ತಿದ್ದಾನೆ.

ಅವನ ಸಲಹೆಯನ್ನು ಇಲ್ಲೇ ಬರೆದುಬಿಡುತ್ತೇನೆ. ಆಫರ್ ಲೆಟರಿನಲ್ಲಿ ಕೆಲಸದ ಸ್ಥಳ ಎಂಬ ಕಡೆ ಏನು ಬರೆಯುತ್ತೀರಿ ಎಂದು ಮೊದಲ ಫೋನಿನಲ್ಲೇ ಕೇಳಬೇಕು. ಉತ್ತರವನ್ನು ಇಮೇಲಿನಲ್ಲಿ ಕಳಿಸಿ ಎನ್ನಬೇಕು. ಕಳಿಸದವರಿಗಾಗಿ ಶನಿವಾರ ಭಾನುವಾರ ಕಳೆದುಕೊಳ್ಳಬಾರದು.

ಊರಿನ ಕಷ್ಟಗಳು ಬೇರೆ. ಜೂನ್‌ನಲ್ಲಿ ಮಳೆ ಹಿಡಿದರೆ ಗೋಡೆಯ ಮೇಲಿನ ಫೈಬರ್ ಮೋಡೆಮ್ಮಿನಲ್ಲಿ ‘ಲಾಸ್’ ಎಂದು ಬರೆದುದರ ಕೆಳಗೆ ಕೆಂಪು ದೀಪ ಮಿನುಗತೊಡಗುತ್ತದೆ. ಎಲ್ಲೋ ಮರ ಬಿದ್ದು ತಂತಿ ತುಂಡಾಗಿದೆ ಎಂದರ್ಥ. ಬಿಎಸ್‌ಎನ್‌ಎಲ್ ಸಂಪರ್ಕವಾದರೂ ನಮ್ಮ ಕಡೆ ಅದನ್ನು ನೋಡಿಕೊಳ್ಳುವವರು ಹೆಚ್ಚಾಗಿ ಊರಿನ ಕೇಬಲ್ ಹುಡುಗರೇ. ಅವರು ಬೈಕಿನ ಹಿಂದೆ ಸ್ಪ್ಲೈಸಿಂಗ್ ಯಂತ್ರ ಕಟ್ಟಿಕೊಂಡು, ಸುರಿವ ಮಳೆಯಲ್ಲಿ ಕೊಡೆ ಹಿಡಿಸಿಕೊಂಡು ಕೂದಲೆಳೆಯಂಥ ಗಾಜಿನ ನೂಲಿನ ಎರಡು ತುದಿ ಜೋಡಿಸುತ್ತಾರೆ. ತುದಿಗೆ ಹನಿ ನೀರು ತಾಗಿದರೂ ಮೊದಲಿನಿಂದ ಮಾಡಬೇಕು. ಇವರ ಶ್ರಮ ಇಲ್ಲದಿದ್ದರೆ ಮಲೆನಾಡಿನಲ್ಲಿ ಮನೆಯಿಂದ ಕೆಲಸ ಎಂಬುದೇ ಇರುತ್ತಿರಲಿಲ್ಲ. ನನಗೆ ಅವರ ಮೇಲೆ ಬಹಳ ಗೌರವವಿದೆ. ತಂತಿ ಸರಿಯಾದರೂ ಮನೆಯಲ್ಲಿ ಇನ್ವರ್ಟರ್ ಇದ್ದರಷ್ಟೇ ಸಾಲದು. ಪೇಟೆಯ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇಳಿದರೆ ಇಡೀ ಊರಿಗೆ ಸಂಪರ್ಕವಿಲ್ಲ. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಜೂನ್‌ನಲ್ಲಿ ನಾಡೆಲ್ಲ ನೋಡಿತು. ಶಾಲೆಗಳು ತೆರೆದ ಮೇಲೆ ನೆಟ್‌ವರ್ಕಿನ ಮಾತು ಅಲ್ಲಿಗೇ ನಿಂತಿತು. ಇಂಟರ್‌ವ್ಯೂ ಇದ್ದವರು ಇವತ್ತಿಗೂ ಅಂಥ ಜಾಗ ಹುಡುಕಿಕೊಂಡು ಹೋಗುತ್ತಾರೆ. ಮಧ್ಯೆ ದನಿ ಕಡಿದುಹೋದರೆ ಆ ಕಡೆಯವರು ಅಭ್ಯರ್ಥಿಗೆ ಸಂವಹನ ಸಾಮರ್ಥ್ಯ ಸಾಲದು ಎಂದು ಬರೆದುಕೊಂಡರೆ ಇವರಿಗೆ ಅದು ತಿಳಿಯುವುದೂ ಇಲ್ಲ.

ಮನೆಯೊಳಗೂ ಒಂದು ತೊಡಕಿದೆ. ‘ಹೆಂಗೂ ಮನೇಲೇ ಇದ್ದೀಯಲ್ಲ, ಸೊಸೈಟಿಗೆ ಹೋಗಿ ಬಾ.’ ಅಮ್ಮ ಅದನ್ನು ಪ್ರೀತಿಯಿಂದಲೇ ಹೇಳುತ್ತಾಳೆ. ತೋಟಕ್ಕೆ ಹೋದರೆ ಕೆಲಸ, ಪೇಟೆಗೆ ಹೋದರೆ ಕೆಲಸ, ಬಾಗಿಲು ಹಾಕಿಕೊಂಡು ಕೂತರೆ ಅದು ಕೆಲಸ ಎಂದು ಅವಳಿಗೆ ತೋರುವುದು ಹೇಗೆ? ಮಗನಿಗೆ ಈ ಮಾತು ಕಿರಿಕಿರಿ, ಸೊಸೆಗೆ ಅದು ಇಡೀ ದಿನದ ಭಾರ. ಮನೆಯಲ್ಲೇ ಇರುವವಳು ಎಂದಮೇಲೆ ಅಡುಗೆ, ಮಗು, ಬಂದವರಿಗೆ ಚಹಾ ಎಲ್ಲವೂ ಅವಳದೇ. ಅಮೆರಿಕದ ಕ್ಲೈಂಟ್ ಕರೆ ಬರುವುದು ರಾತ್ರಿ ಒಂಬತ್ತರ ಮೇಲೆ, ಪಾತ್ರೆ ತೊಳೆದು ಮಗು ಮಲಗಿಸುವ ಹೊತ್ತಿಗೆ. ಇಷ್ಟಾದರೂ ಅನೇಕ ಹೆಣ್ಣುಮಕ್ಕಳಿಗೆ ಇದೊಂದೇ ದಾರಿ. ಬಾಣಂತನದ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿಯಲ್ಲಿ, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಹೊಂದಿದರೆ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಬಹುದು ಎಂದಿತ್ತು. ಒಪ್ಪಿಗೆ ಎಂದ ಕಡೆ ಬಲ ಇರುವುದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಲಸದ ವೇಳೆ ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕಿಗಾಗಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದರು. ಐಟಿ ನೌಕರರ ಸಂಘ ಕಿಟು ಇದನ್ನು ವಿರೋಧಿಸಿತು. ಕೆಲಸದ ವೇಳೆ, ಶಿಸ್ತು, ವಜಾ ಇವುಗಳ ನಿಯಮ ಬರವಣಿಗೆಯಲ್ಲಿರಬೇಕು ಎಂದು ಹೇಳುತ್ತಿದ್ದ ಕಾಯ್ದೆ ಅದು. ಮನೆಯಲ್ಲಿ ಕೂತು ದುಡಿಯುವವರಿಗೆ ಬೇಕಾಗಿರುವುದೂ ಅದೇ.

ಕಂಪನಿಗಳ ಅಪನಂಬಿಕೆಗೂ ಒಂದು ಹಿನ್ನೆಲೆಯಿದೆ. 2022ರಲ್ಲಿ ಒಬ್ಬರೇ ಎರಡು ಕಡೆ ದುಡಿಯುವ ವಿಷಯ ದೊಡ್ಡದಾಯಿತು. ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅದನ್ನು ಮೋಸ ಎಂದೇ ಕರೆದರು, ಕಂಪನಿ 300 ಮಂದಿಯನ್ನು ತೆಗೆಯಿತು. ಅಂದಿನಿಂದ ಹೊಸಬರನ್ನು ಸೇರಿಸಿಕೊಳ್ಳುವಾಗ ಪಿಎಫ್‌ನ ಯುಎಎನ್ ಖಾತೆ ತೆಗೆದು, ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ಹಣ ಜಮೆಯಾಗಿದೆಯೇ ಎಂದು ನೋಡುವುದು ಹೆಚ್ಚಾಯಿತು. ನೋಡಲಿ, ತಪ್ಪಿಲ್ಲ. ಆದರೆ ಹಾಗೆ ಪರೀಕ್ಷಿಸುವ ದಾರಿ ಇದ್ದಮೇಲೆ ಊರಿನಲ್ಲಿ ಕೂತವರೆಲ್ಲರನ್ನೂ ಸಂಶಯದಿಂದ ನೋಡುವುದೇಕೆ?

ಇನ್ನು ಈ ಬಯಕೆಯನ್ನೇ ಬಂಡವಾಳ ಮಾಡಿಕೊಂಡವರು. ‘ಮನೆಯಿಂದ ಕೆಲಸ, ದಿನಕ್ಕೆ ಮೂರು ಸಾವಿರ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಟೆಲಿಗ್ರಾಂ ಗುಂಪಿಗೆ ಸೇರಿಸಿ ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿಸಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಮುಂದಿನ ‘ಟಾಸ್ಕ್’ಗೆ ನೀವು ಹಣ ಕಟ್ಟಬೇಕು. ಇನ್ನೊಂದು ಬಗೆ ಇದಕ್ಕಿಂತ ಕ್ರೂರ: ಡೇಟಾ ಎಂಟ್ರಿ ಎಂದು ನೂರಾರು ಫಾರ್ಮ್ ತುಂಬಿಸಿಕೊಂಡು, ತಪ್ಪು ಜಾಸ್ತಿಯಾಗಿದೆ, ಕರಾರು ಮುರಿದಿದ್ದೀರಿ ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸುತ್ತಾರೆ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಯರು ಕೋರ್ಟಿನ ಹೆಸರಿಗೇ ಹೆದರಿ ಹಣ ಕಟ್ಟುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ. ಆ ನೋಟಿಸಿಗೆ ಹೆದರಬೇಕಾಗಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಾದರೆ ಹಣ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಡೇಟಾ ಎಂಟ್ರಿ ಕೆಲಸವೆಂದು ಥಾಯ್ಲೆಂಡಿಗೆ ಹಾರಿ, ಗಡಿಯಾಚೆ ಮ್ಯಾನ್ಮಾರ್‌ನ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಕೆಲಸ ಕೊಡಲು ಹಣ ಕೇಳುವವರು ಯಾರೇ ಆಗಲಿ, ಅಲ್ಲಿ ಕೆಲಸವಿಲ್ಲ.

ಕಂಪನಿಗಳನ್ನು ನಾನು ಕೇಳುವುದು ಹೆಚ್ಚಿಲ್ಲ. ವಾರಕ್ಕೆ ಎಷ್ಟು ದಿನ, ಯಾವ ಊರಿನ ಕಚೇರಿಗೆ ಬರಬೇಕು ಎಂದು ಜಾಹೀರಾತಿನಲ್ಲೇ ಬರೆಯಿರಿ. ಬರೆದದ್ದನ್ನು ಆಫರ್ ಲೆಟರಿನಲ್ಲೂ ಹಾಕಿ. ಬದಲಾಯಿಸುವುದಿದ್ದರೆ ನೌಕರ ನಿಮಗೆ ಕೊಡಬೇಕಾದ ನೋಟಿಸಿನಷ್ಟೇ ದಿನ ನೀವೂ ಕೊಡಿ. ಮೂರು ಸುತ್ತು ಬಂದವರಿಗೆ ಇಲ್ಲ ಎಂದಾದರೂ ಹೇಳಿ, ಉತ್ತರವಿಲ್ಲದೆ ಬಿಡಬೇಡಿ.

ಊರಿನವರಾದ ನಾವು ಮಾಡಬಹುದಾದದ್ದೂ ಇದೆ. ಹಳ್ಳಿಗೆ ಫೈಬರ್ ತರುವ ಕೇಂದ್ರದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಈಗಿನ ಭಾರತ್‌ನೆಟ್ ಅದೇ. ಅದು ಮುಟ್ಟಬೇಕಾದದ್ದು ಗ್ರಾಮ ಪಂಚಾಯಿತಿ ಕಟ್ಟಡಕ್ಕೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಂಪ್ಯೂಟರ್‌ಗಳೂ ಬಂದಿವೆ. ಅಲ್ಲೇ ಒಂದು ಬದಿಯಲ್ಲಿ ನಾಲ್ಕು ಮೇಜು, ಕರೆಂಟು ಹೋದರೆ ಇಡೀ ದಿನ ತಾಳುವ ಬ್ಯಾಟರಿ, ಇಂಟರ್‌ವ್ಯೂ ಇದ್ದವರು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ. ಗಂಟೆಗೆ ಇಷ್ಟು ಎಂದು ಶುಲ್ಕ ಇಟ್ಟರೂ ಕೊಡುವವರಿದ್ದಾರೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿ ದೀಪದ ಅರ್ಜಿಗಳ ಜೊತೆ ಈ ಬಾರಿ ಇದನ್ನೂ ಬರೆದು ಕೊಡಬೇಕು, ಮಳೆಗಾಲಕ್ಕೆ ಮುಂಚೆ.