ಎರಡು ಚೀಟಿ, ಒಂದೇ ಮಿದುಳು

ಕಾಯಿ ಸುಲಿಯುವ ಕೆಲಸ ಸೊಂಟ, ಭುಜ ಎರಡನ್ನೂ ಹಿಡಿಯುತ್ತದೆ. ನೊಣವಿನಕೆರೆಯಿರಲಿ, ತಿಪಟೂರಿರಲಿ, ನೋವು ತಡೆಯಲಾರದವರು ಹಳೇ ಚೀಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ಹಿಡಿದು ಮೆಡಿಕಲ್ ಅಂಗಡಿಗೆ ಹೋಗುತ್ತಾರೆ. ಅದರ ಮೇಲೆ ಟ್ರಮಡಾಲ್ ಎಂದಿದ್ದು, ಖಿನ್ನತೆಗೆ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆಯೂ ನಡೆಯುತ್ತಿದ್ದರೆ ಎಚ್ಚರ ಬೇಕು. ಎರಡೂ ಕೈಹಾಕುವುದು ಸೆರೊಟೋನಿನ್ ಎಂಬ ಒಂದೇ ರಾಸಾಯನಿಕಕ್ಕೆ.

ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಿನಲ್ಲಿ. ಅದು ಮಿದುಳಿಗೆ ದಾಟದು. ಮಿದುಳು ಆಹಾರದಲ್ಲಿರುವ ಅಂಶವಾದ ಟ್ರಿಪ್ಟೊಫ್ಯಾನ್‌ನಿಂದ ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ. ಆ ಅಲ್ಪಕ್ಕೇ ಯೋಚನೆಯನ್ನು ತಿರುಗಿಸುವ ಶಕ್ತಿಯಿದೆ. 2008ರಲ್ಲಿ ಕೇಂಬ್ರಿಡ್ಜ್‌ನ ಮಾಲಿ ಕ್ರಾಕೆಟ್ ತಂಡ ಟ್ರಿಪ್ಟೊಫ್ಯಾನ್ ಇಲ್ಲದ ಪಾನೀಯ ಕುಡಿಸಿ ಕೆಲವರ ಸೆರೊಟೋನಿನ್ ಇಳಿಸಿತು. ಹಣ ಹಂಚುವ ಆಟದಲ್ಲಿ ಅನ್ಯಾಯದ ಪಾಲು ಬಂದಾಗ, ಒಲ್ಲೆ ಎಂದರೆ ತಮಗೂ ಏನೂ ಸಿಗದೆಂದು ಗೊತ್ತಿದ್ದೂ, ಅವರು ಹೆಚ್ಚು ಸಲ ಒಲ್ಲೆ ಎಂದರು. ಮನಸ್ಸು ಕುಗ್ಗಿರಲಿಲ್ಲ, ತೀರ್ಮಾನ ಬದಲಾಗಿತ್ತು. (ದರ ಸಾಲದೆಂದು ಕೊಬ್ಬರಿ ಚೀಲ ವಾಪಸ್ ತರುವವರೆಲ್ಲ ಸೆರೊಟೋನಿನ್ ಕೊರತೆಯವರಲ್ಲ ಬಿಡಿ.)

ಹಾಗೆಂದು ಸೆರೊಟೋನಿನ್ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಎಸ್ಸಿಟಾಲೋಪ್ರಾಮ್, ಬಿಡುಗಡೆಯಾದ ಸೆರೊಟೋನಿನ್ ಮತ್ತೆ ನರಕೋಶ ಸೇರದಂತೆ ತಡೆಯುತ್ತದೆ. ಟ್ರಮಡಾಲ್‌ಗೂ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್‌ಗೂ ಅದೇ ಗುಣವಿದೆ. ಒಟ್ಟಿಗೆ ಸೇರಿದರೆ ಸಾಮಾನ್ಯವಾಗಿ ಒಂದು ದಿನದೊಳಗೇ ನಡುಕ, ಬೆವರು, ಭೇದಿ, ಚಡಪಡಿಕೆ, ತಾಳಮೇಳವಿಲ್ಲದ ಮಾತು ಶುರುವಾಗಬಹುದು. ಜೋರಾದರೆ ವಿಪರೀತ ಜ್ವರ, ಫಿಟ್ಸು, ಸಾವು. ಮನೆಯವರು ಚಳಿಜ್ವರವೆಂದೋ ಗಾಳಿ ಸೋಕಿತೆಂದೋ ಕಾದು ಕೂತರೆ ಹೊತ್ತು ಮೀರುತ್ತದೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆಯಿದ್ದವರ ಪೈಕಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅದು ಬದಲಾಗಬೇಕು, ಬದಲಾಗುತ್ತಲೂ ಇದೆ. ತುರುವೇಕೆರೆಯಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ಇರುವವರಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡಿಸಿದೆ. 2014ರ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕರೆತಂದಿತು. ಖಿನ್ನತೆಯ ಮಾತ್ರೆ ಹೆಚ್ಚು ಮನೆಗಳಿಗೆ ಬಂದಂತೆಲ್ಲ, ಚೀಟಿಯಿಲ್ಲದೆ ನೋವಿನ ಮಾತ್ರೆ ಕೊಳ್ಳುವ ನಮ್ಮ ಚಾಳಿ ಹೆಚ್ಚು ಅಪಾಯಕಾರಿಯಾಗುತ್ತದೆ. 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಆದರೆ ಕಪಾಟಿನಲ್ಲಿ ಉಳಿದ ಹಳೇ ಮಾತ್ರೆಯನ್ನು ಕಾಯ್ದೆ ನೋಡುವುದಿಲ್ಲ.

ಹೆದರಿ ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೂ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು. ಬಿಡುವುದಾದರೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಎಲ್ಲ ಚೀಟಿಗಳನ್ನೂ ಒಂದೇ ಕವರಿನಲ್ಲಿಟ್ಟು, ಮೂಳೆ ಡಾಕ್ಟರಿಗೂ ಮೆಡಿಕಲ್ ಅಂಗಡಿಯವರಿಗೂ ತೋರಿಸಿ. ನಡುಕ, ಗೊಂದಲ ಕಂಡರೆ ಸ್ಟ್ರಿಪ್ಪುಗಳ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.