ರೆಪ್ಪೆಯನ್ನೆತ್ತುವ ಹಗ್ಗ

ಕಣ್ಣು ತೆರೆದಿರುವುದು ನಮಗೆ ಒಂದು ಕೆಲಸವೆಂದೇ ತೋರುವುದಿಲ್ಲ. ಆದರೂ ಎಚ್ಚರವಾಗಿರುವಷ್ಟು ಹೊತ್ತೂ ಮೇಲ್ರೆಪ್ಪೆಯನ್ನು ಸ್ನಾಯುಗಳು ಎತ್ತಿ ಹಿಡಿದಿರಬೇಕು. ಅವು ಸೋತರೆ ರೆಪ್ಪೆ ಜೋತುಬೀಳುತ್ತದೆ. ವೈದ್ಯರು ಇದನ್ನು ‘ಟೋಸಿಸ್’ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸಬಹುದು, ಆದರೆ ಎಷ್ಟರಮಟ್ಟಿಗೆ?

ಬಾವಿಯಿಂದ ನೀರು ಸೇದುವವನು ಹಗ್ಗವನ್ನು ಕೆಳಕ್ಕೆಳೆದರೆ ಕೊಡ ಮೇಲೇರುತ್ತದೆ. ಬಲದ ದಿಕ್ಕನ್ನು ಬದಲಿಸುವುದು ರಾಟೆ. ಕಣ್ಣಿನಲ್ಲಿಯೂ ಇಂತಹ ಏರ್ಪಾಡುಂಟು. ಲಿವೇಟರ್ ಎಂಬ ಮುಖ್ಯ ಸ್ನಾಯುವು ಕಣ್ಣಿನ ಗೂಡಿನ ಹಿಂದುಗಡೆ ಹುಟ್ಟಿ ಮುಂದಕ್ಕೆ ಸಾಗುತ್ತದೆ. ಆದುದರಿಂದ ಅದರ ಎಳೆತವು ಹಿಮ್ಮುಖವಾದುದು. ಗೂಡಿನ ಮುಂಭಾಗದಲ್ಲಿ ಅಡ್ಡಲಾಗಿರುವ ‘ವಿಟ್ನಾಲ್’ ತಂತುಪಟ್ಟಿಯು ರಾಟೆಯಂತೆ ವರ್ತಿಸಿ ಅದನ್ನು ಮೇಲ್ಮುಖವಾಗಿ ತಿರುಗಿಸುತ್ತದೆ. ಮುಂದೆ ಸ್ನಾಯುವು ತೆಳುವಾದ ಸ್ನಾಯುರಜ್ಜುವಾಗಿ ಹರಡಿ ರೆಪ್ಪೆಯನ್ನು ಹಿಡಿದಿರುತ್ತದೆ. ಅಡಿಯಲ್ಲಿರುವ ಮ್ಯೂಲರ್ ಎಂಬ ಪುಟ್ಟ ಸ್ನಾಯು ಸುಮಾರು 2 ಮಿಲಿಮೀಟರಿನಷ್ಟು ನೆರವಾಗುತ್ತದೆ.

ಈ ಯಂತ್ರವು ಮೂರು ಬಗೆಯಲ್ಲಿ ಕೆಡಬಹುದು. ವಯಸ್ಸಾದವರಲ್ಲಿ ಹಗ್ಗ, ಎಂದರೆ ಸ್ನಾಯುರಜ್ಜು, ಸಡಿಲವಾಗುವುದುಂಟು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಸ್ನಾಯು ದುರ್ಬಲವಾಗಿರುತ್ತದೆ. ಇನ್ನು ಕೆಲವರಲ್ಲಿ ನರದ ಆಜ್ಞೆಯೇ ಸ್ನಾಯುವನ್ನು ಸರಿಯಾಗಿ ತಲುಪುವುದಿಲ್ಲ. ಹಠಾತ್ತಾಗಿ ರೆಪ್ಪೆ ಬಿದ್ದು, ಜೊತೆಗೆ ತಲೆನೋವು ಬಂದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಉಳಿದ ಶಕ್ತಿಯನ್ನು ವೈದ್ಯರು ಒಂದು ಅಳತೆಪಟ್ಟಿಯಿಂದಲೇ ಅಳೆಯುತ್ತಾರೆ. ಹುಬ್ಬನ್ನು ಬೆರಳಿನಿಂದ ಒತ್ತಿಹಿಡಿದು, ರೋಗಿಯನ್ನು ಮೊದಲು ಕೆಳಕ್ಕೂ ಬಳಿಕ ಮೇಲಕ್ಕೂ ನೋಡಹೇಳುತ್ತಾರೆ. ಆರೋಗ್ಯವಂತರ ರೆಪ್ಪೆಯ ಅಂಚು ಸುಮಾರು 15 ಮಿಲಿಮೀಟರ್ ಚಲಿಸುತ್ತದೆ. ಸಾಕಷ್ಟು ಚಲನೆ ಉಳಿದಿದ್ದರೆ ಲಿವೇಟರನ್ನು ಮೊಟಕುಗೊಳಿಸಿ ಬಿಗಿಯಾಗಿ ಹೊಲಿಯುತ್ತಾರೆ. ಚಲನೆಯು 4 ಮಿಲಿಮೀಟರಿಗಿಂತ ಕಡಮೆಯಾದರೆ ಆ ಹಗ್ಗವನ್ನು ನೆಚ್ಚಿ ಫಲವಿಲ್ಲ. ಆಗ ತೊಡೆಯಿಂದ ತೆಗೆದ ತಂತುಪಟ್ಟಿಯಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುವುದು ರೂಢಿ. ಹುಬ್ಬೇರಿದಂತೆ ರೆಪ್ಪೆಯೂ ಏರುತ್ತದೆ.

ಗಮನಿಸಬೇಕಾದುದು ಇದು: ಶಸ್ತ್ರಚಿಕಿತ್ಸೆಯು ಹಗ್ಗದ ಉದ್ದವನ್ನು ಬದಲಿಸೀತು, ಹೊಸ ಎಳೆಗಾರನನ್ನು ಒದಗಿಸೀತು, ದುರ್ಬಲ ಸ್ನಾಯುವಿಗೆ ಬಲವನ್ನು ಕೊಡಲಾರದು. ಆದುದರಿಂದಲೇ ಫಲಕ್ಕೆ ಮಿತಿಯುಂಟು. ನೇರವಾಗಿ ನೋಡುವಾಗ ಎರಡು ಕಣ್ಣುಗಳೂ ಸಮವಾಗಿ ತೋರಬಹುದು. ಕೆಳಗೆ ನೋಡುವಾಗ ಸರಿಪಡಿಸಿದ ರೆಪ್ಪೆ ಮೇಲೆಯೇ ನಿಂತೀತು. ನಿದ್ರೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿದ್ದರೆ ಕಾರ್ನಿಯ ಒಣಗದಂತೆ ಹನಿಯನ್ನೋ ಮುಲಾಮನ್ನೋ ಹಾಕಬೇಕಾಗುತ್ತದೆ. ಕೆಲವರಿಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾದೀತು.

ಮಕ್ಕಳ ವಿಷಯದಲ್ಲಿ ಅಂದಕ್ಕಿಂತ ದೃಷ್ಟಿಯೇ ಮುಖ್ಯ. ನೋಡುವುದನ್ನು ಮೆದುಳು ಎಳವೆಯಲ್ಲಿಯೇ ಕಲಿಯಬೇಕು. ರೆಪ್ಪೆಯು ಕಣ್ಣಪಾಪೆಯನ್ನು ಮುಚ್ಚಿದರೆ, ಅಥವಾ ಅದರ ಒತ್ತಡದಿಂದ ಕಾರ್ನಿಯದ ಬಾಗು ಕೆಟ್ಟು ಬಿಂಬವು ಮಸುಕಾದರೆ, ಆ ಕಲಿಕೆ ಕುಂಠಿತವಾಗುತ್ತದೆ. ಇದೇ ಆಂಬ್ಲಿಯೋಪಿಯ. ಏಳೆಂಟು ವರ್ಷ ದಾಟಿದ ಮೇಲೆ ಇದನ್ನು ಸರಿಪಡಿಸುವುದು ಕಷ್ಟತರ. ಆಗ ರೆಪ್ಪೆಯನ್ನೆತ್ತಿದರೂ ಕಳೆದ ದೃಷ್ಟಿ ತಾನಾಗಿ ಮರಳದು.

ಗದ್ದವನ್ನು ಸದಾ ಮೇಲೆತ್ತಿ, ಹುಬ್ಬೇರಿಸಿ ನೋಡುವ ಮಗು ರೆಪ್ಪೆಯ ಕೆಳಗಿನ ಕಿಂಡಿಯಿಂದ ಬೆಳಕನ್ನು ಅರಸುತ್ತಿರಬಹುದು. ದೊಡ್ಡದಾದ ಮೇಲೆ ಸರಿಹೋದೀತೆಂದು ಕಾಯಲಾಗದು. ಹೂಡಿಯಂತಹ ನಗರದಂಚಿನಲ್ಲಿರುವವರಿಗೂ ಈಗ ಮೆಟ್ರೋ ಉಂಟು; 1896ರಲ್ಲಿ ಸಣ್ಣ ಚಿಕಿತ್ಸಾಲಯವಾಗಿ ಆರಂಭವಾದ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ದೂರವಲ್ಲ. ರೆಪ್ಪೆಯನ್ನು ಇಂದೇ ಎತ್ತಬೇಕೋ, ಕೆಲಕಾಲ ತಡೆಯಬಹುದೋ ಎಂಬುದನ್ನು ಪರೀಕ್ಷೆಯು ತಿಳಿಸುತ್ತದೆ. ಆ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.